ಡೌನ್ ಸಿಂಡ್ರೋಮ್ ಇರುವ ಮಗಳನ್ನು ಈ ಜೂನ್‌ಗೇ ಶಾಲೆಗೆ ಕಳಿಸಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಸೇಡಂ ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ಎರಡನೇ ಮಗಳಿಗೆ ಬರುವ ಮೇ ತಿಂಗಳಿಗೆ 6 ವರ್ಷ ತುಂಬುತ್ತದೆ. ಹುಟ್ಟಿದ ವಾರದಲ್ಲೇ ಡೌನ್ ಸಿಂಡ್ರೋಮ್ ಅಂತ ಹೇಳಿದರು. ಹೃದಯದಲ್ಲಿ ಸಣ್ಣ ತೂತು ಇತ್ತು, ತಾನಾಗಿಯೇ ಮುಚ್ಚಿದೆ. ಈಗ ಓಡಾಡುತ್ತಾಳೆ, ಕೈಯಾರೆ ಉಣ್ಣುತ್ತಾಳೆ, ಅಂಗನವಾಡಿಗೆ ಹೋಗುತ್ತಾಳೆ. ಮಾತು ಮಾತ್ರ ಹತ್ತಿಪ್ಪತ್ತು, ಅದೂ ಮನೆಯವರಿಗಷ್ಟೇ ತಿಳಿಯುತ್ತದೆ. ಸರ್ಕಾರಿ ಶಾಲೆಗೆ ಕೇಳಲು ಹೋದರೆ ಹೆಡ್‌ಮಾಸ್ತರು "ಮೊದಲು ಮಾತು ಬರಲಿ, ಎರಡು ವರ್ಷ ಬಿಟ್ಟು ನೋಡೋಣ, ಇಲ್ಲಾಂದ್ರೆ ಕಲಬುರಗಿಯಲ್ಲಿ ಇಂಥ ಮಕ್ಕಳ ಶಾಲೆಗೆ ಹಾಕಿ" ಅಂದರು. ನನ್ನ ಗಂಡ ನನ್ನ ಸ್ವಂತ ಸೋದರಮಾವ. ಸಂಬಂಧದಲ್ಲಿ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಊರವರು, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಅಂತ ನಮ್ಮ ಅಜ್ಜಿ. ದೊಡ್ಡವಳಿಗೆ 11 ವರ್ಷ. ಮುಂದೆ ಅವಳ ಮದುವೆಗೆ ಅಡ್ಡಿ ಆದೀತು ಅಂತ ಇವಳನ್ನು ಲಗ್ನ, ಜಾತ್ರೆಗೆ ಕರೆದೊಯ್ಯುವುದನ್ನೇ ಬಿಟ್ಟಿದ್ದೇವೆ. ಇನ್ನೊಂದು ಮಗು ಬೇಕು ಅಂತ ಮನೆಯಲ್ಲಿ ಒತ್ತಾಯ. ಮತ್ತೆ ಹೀಗೇ ಆದರೆ? ಏನು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ತುರ್ತಾಗಿ ಬೇಕಾದ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ಈ ಜೂನ್‌ಗೇ ಊರಿನ ಶಾಲೆಗೆ ಸೇರಿಸಿ. ಮಾತು ಬರಲಿ ಅಂತ ಕಾಯಬೇಡಿ.

ನಾನು ಕಲಬುರಗಿಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೇ ನೋಡುವ ಡಾಕ್ಟರ್. ಸೇಡಂ, ಚಿಂಚೋಳಿ, ಆಳಂದ, ಹುಮನಾಬಾದ್, ಶಹಾಪುರ ಕಡೆಯಿಂದ ಬರುವ ಅಪ್ಪ-ಅಮ್ಮಂದಿರು ಹೇಳುವುದು ಹೆಚ್ಚುಕಡಿಮೆ ಇದನ್ನೇ: "ಸ್ವಲ್ಪ ಸುಧಾರಿಸಲಿ, ಆಮೇಲೆ ಹಾಕೋಣ." ಆ ಆಮೇಲೆ ಅನ್ನುವುದು ಕೆಲವರಿಗೆ 9 ವರ್ಷಕ್ಕೆ ಬರುತ್ತದೆ, ಕೆಲವರಿಗೆ 12ಕ್ಕೆ, ಎಷ್ಟೋ ಮಕ್ಕಳಿಗೆ ಬರುವುದೇ ಇಲ್ಲ. ಅಷ್ಟು ವರ್ಷ ಮಗು ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತದೆ, ಮಾತಾಡಲು ಜೊತೆಗಾರರೇ ಇರುವುದಿಲ್ಲ, ಕೊನೆಗೆ "ನೋಡಿ, ಇನ್ನೂ ಮಾತೇ ಬಂದಿಲ್ಲ" ಅಂತಾರೆ. ಎಲ್ಲಿಂದ ಬರಬೇಕು ಹೇಳಿ?

ಈಗ ನಿಮ್ಮ ಮನಸ್ಸಿಗೆ ಹೆಚ್ಚು ಚುಚ್ಚುತ್ತಿರುವ ವಿಷಯಕ್ಕೆ ಬರೋಣ. ಇದು ಯಾರ ತಪ್ಪು? ಯಾರದೂ ಅಲ್ಲ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ವಂಶದ ಗುಣ ಹೊತ್ತ 46 ಎಳೆಗಳು, ಅಂದರೆ ಕ್ರೋಮೋಸೋಮ್ ಇರುತ್ತವೆ, ಅಮ್ಮನಿಂದ 23, ಅಪ್ಪನಿಂದ 23. ಅಂಡಾಣು ತಯಾರಾಗುವಾಗ ಜೋಡಿಗಳು ಬೇರೆ ಬೇರೆ ಆಗಬೇಕು. 21ನೇ ಜೋಡಿ ಹಾಗೆ ಬಿಡದೆ ಎರಡೂ ಒಂದೇ ಅಂಡಾಣುವಿಗೆ ಹೋದರೆ ಮಗುವಿಗೆ ಆ ಕ್ರೋಮೋಸೋಮ್ ಮೂರು ಸಿಗುತ್ತವೆ. ಕೆಲವು ಸಲ ಅಪ್ಪನ ವೀರ್ಯಾಣುವಿನಲ್ಲೂ ಹೀಗಾಗುತ್ತದೆ. ಪ್ಯಾರಿಸ್‌ನ ಸಂಶೋಧಕರು 1959ರಲ್ಲಿ ಇದನ್ನು ಕಂಡುಹಿಡಿದರು. ಎಲ್ಲ ದೇಶ, ಎಲ್ಲ ಜಾತಿ, ಬಡವರು ಶ್ರೀಮಂತರು ಅನ್ನದೆ ಸುಮಾರು 800 ಹೆರಿಗೆಗೆ ಒಂದರಂತೆ ಇಂಥ ಮಕ್ಕಳು ಹುಟ್ಟುತ್ತಾರೆ. ಅಂದರೆ, ಮಗು ಹೊಟ್ಟೆಯಲ್ಲಿ ಮೂಡುವ ಹೊತ್ತಿಗೇ ಆಗಿಹೋಗುವ ವಿಷಯ ಇದು. ಗ್ರಹಣದ ದಿನ ನಿಮಗೆ ಬಸಿರು ಎಷ್ಟು ತಿಂಗಳಾಗಿತ್ತೋ ಗೊತ್ತಿಲ್ಲ, ಎಷ್ಟೇ ಆಗಿರಲಿ, ಮಗುವಿನ ಕ್ರೋಮೋಸೋಮ್ ಅಷ್ಟರಲ್ಲಿ ನಿರ್ಧಾರ ಆಗಿತ್ತು. ನೀವು ಒಳಗೇ ಕೂತಿದ್ದರೂ ಇದೇ ಮಗಳು ಹುಟ್ಟುತ್ತಿದ್ದಳು. ಇದನ್ನು ಅಜ್ಜಿಯ ಜೊತೆ ಜಗಳವಾಡದೆ, ನಿಧಾನವಾಗಿ ಹೇಳಿ. ಅವರು ಕಾರಣ ಹುಡುಕುತ್ತಿರುವುದು ಸಂಕಟದಿಂದ.

ಸೋದರಮಾವನ ಮದುವೆಯ ಮಾತು ಬೇರೆ. ರಕ್ತಸಂಬಂಧದ ಮದುವೆಯಿಂದ ಡೌನ್ ಸಿಂಡ್ರೋಮ್ ಬರುತ್ತದೆ ಅನ್ನುವುದು ಸಾಬೀತಾಗಿಲ್ಲ. ತಾಯಿಯ ವಯಸ್ಸು ಹೆಚ್ಚಾದಂತೆ ಸಾಧ್ಯತೆ ಹೆಚ್ಚುತ್ತದೆ ಅನ್ನುವುದು ಮಾತ್ರ ಖಚಿತ: 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು. ಹಾಗಿದ್ದರೂ ಇಪ್ಪತ್ತು-ಇಪ್ಪತ್ತೈದರ ಹೆಣ್ಣುಮಕ್ಕಳಿಗೇ ಹೆರಿಗೆಗಳು ಜಾಸ್ತಿ ಆಗುವುದರಿಂದ ನನ್ನ ಹತ್ತಿರ ಬರುವ ಅಮ್ಮಂದಿರಲ್ಲಿ ಚಿಕ್ಕ ವಯಸ್ಸಿನವರೇ ಜಾಸ್ತಿ. ಆದರೆ ಸಂಬಂಧದಲ್ಲಿ ಮದುವೆಯಾದರೆ ಏನೂ ಆಗಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ಹುಟ್ಟು ಕಿವುಡು, ಥಲಸೇಮಿಯಾ ಅನ್ನುವ ರಕ್ತದ ಕಾಯಿಲೆ, ಮೈಯ ರಾಸಾಯನಿಕ ಕ್ರಿಯೆ ಕೆಡುವ ಕೆಲವು ಮೆಟಬಾಲಿಕ್ ಕಾಯಿಲೆಗಳ ಅಪಾಯ ಇಂಥ ಮದುವೆಗಳಲ್ಲಿ ಹೆಚ್ಚು. ನಮ್ಮ ಭಾಗದಲ್ಲಿ ಅಂಥ ಮಕ್ಕಳನ್ನು ನಾವು ದಿನಾ ನೋಡುತ್ತೇವೆ. ಹಾಗಾಗಿ ದೊಡ್ಡ ಮಗಳ ಮದುವೆ ಬಗ್ಗೆ ನಿಜವಾಗಿ ಯೋಚಿಸಬೇಕಾದ್ದು ತಂಗಿಯಿಂದ ಅಡ್ಡಿಯಾಗುತ್ತಾ ಅಂತಲ್ಲ. ಅವಳನ್ನೂ ಮತ್ತೆ ಸಂಬಂಧದಲ್ಲೇ ಕೊಡಬೇಡಿ, ಅದಕ್ಕೆ ಗಮನ ಕೊಡಿ. ಓದಿಸಿ, ವಯಸ್ಸಿಗೆ ಬಂದ ಮೇಲೆ ಮದುವೆ ಮಾಡಿ.

ಇನ್ನೊಂದು ಮಗುವಿನ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನನಗೆ ಒಂದು ಕಾಗದ ಬೇಕು. ಮಗಳಿಗೆ ಕ್ಯಾರಿಯೋಟೈಪ್ ಅಂತ, ಕ್ರೋಮೋಸೋಮ್ ನೋಡುವ ರಕ್ತ ಪರೀಕ್ಷೆ ಆಗಿತ್ತಾ? ಆಗಿದ್ದರೆ ಆ ರಿಪೋರ್ಟ್ ಹುಡುಕಿ ತೆಗೆಯಿರಿ. ಬರೀ ಮುಖ ನೋಡಿ ಹೇಳಿದ್ದರೆ ಈಗಲಾದರೂ ಮಾಡಿಸಿ. ನೂರಕ್ಕೆ 95 ಮಕ್ಕಳಲ್ಲಿ ನಾನು ಮೇಲೆ ಹೇಳಿದ ಹಾಗೆ ಪೂರ್ತಿ ಕ್ರೋಮೋಸೋಮ್ ಒಂದು ಹೆಚ್ಚಿರುತ್ತದೆ, ಅದಕ್ಕೆ ಟ್ರೈಸೋಮಿ 21 ಅಂತಾರೆ. ಹಾಗಿದ್ದರೆ ಮುಂದಿನ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಒಂದು ಅಷ್ಟೇ, ವಯಸ್ಸು ಜಾಸ್ತಿಯಾಗಿದ್ದರೆ ವಯಸ್ಸಿನ ಅಪಾಯ ಎಷ್ಟೋ ಅಷ್ಟು. ನೂರಕ್ಕೆ ಮೂರ್ನಾಲ್ಕು ಮಕ್ಕಳಲ್ಲಿ ಮಾತ್ರ 21ನೇ ಕ್ರೋಮೋಸೋಮಿನ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ಟ್ರಾನ್ಸ್‌ಲೊಕೇಶನ್. ಇದು ಅಪ್ಪ ಅಥವಾ ಅಮ್ಮನಿಂದ ಬಂದಿರಬಹುದು, ಅವರಿಗೆ ಏನೂ ತೊಂದರೆ ಇರುವುದಿಲ್ಲ. ರಿಪೋರ್ಟಿನಲ್ಲಿ ಹೀಗಿದ್ದರೆ ನಿಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಇಂಥ ಅಂಟಿದ ಕ್ರೋಮೋಸೋಮ್ ಅಮ್ಮನಲ್ಲಿದ್ದರೆ ಮತ್ತೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದು, ಅಪ್ಪನಲ್ಲಿದ್ದರೆ ಅದಕ್ಕಿಂತ ಕಡಿಮೆ, ಮತ್ತು ನಿಮ್ಮ ದೊಡ್ಡ ಮಗಳಿಗೂ ಮುಂದೆ ಪರೀಕ್ಷೆ ಬೇಕಾಗುತ್ತದೆ. ಬಸಿರಾದರೆ 11ರಿಂದ 13ನೇ ವಾರದೊಳಗೆ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಇದೆ. ಇವು ಸಾಧ್ಯತೆ ಎಷ್ಟು ಅಂತ ಹೇಳುತ್ತವೆ, ಇದೆ-ಇಲ್ಲ ಅಂತ ಹೇಳುವುದಿಲ್ಲ. ಖಚಿತ ಮಾಡಲು ಗರ್ಭದ ನೀರು ತೆಗೆದು ನೋಡಬೇಕು, ಅದರಲ್ಲಿ ಗರ್ಭಪಾತದ ಸಣ್ಣ ಅಪಾಯ ಇದೆ. ಪರೀಕ್ಷೆ ಮಾಡಿಸುವುದು, ಬಿಡುವುದು, ಇನ್ನೊಂದು ಮಗುವೇ ಬೇಡ ಅನ್ನುವುದು, ಮೂರೂ ನಿಮ್ಮಿಬ್ಬರ ನಿರ್ಧಾರ. ಆದರೆ "ಇವಳನ್ನು ಮುಂದೆ ನೋಡಿಕೊಳ್ಳೋಕೆ ಒಂದು ಗಂಡು ಇರಲಿ" ಅನ್ನುವ ಕಾರಣಕ್ಕೆ ಮಗು ಮಾಡಿಕೊಳ್ಳಬೇಡಿ. ಹುಟ್ಟುವ ಮೊದಲೇ ಆ ಹುಡುಗನ ಹೆಗಲ ಮೇಲೆ ಅಷ್ಟು ಭಾರ ಹಾಕಬಾರದು.

ಈಗ ಶಾಲೆ. ಸೇರಿಸುವ ಮೊದಲು ಒಂದು ಕೆಲಸ ಮಾಡಿ, ಕಿವಿ ಪರೀಕ್ಷೆ. ನಾನು ಇದನ್ನು ಎಲ್ಲದಕ್ಕಿಂತ ಮುಂದೆ ಇಡುತ್ತೇನೆ. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಂದಲ್ಲ ಒಂದು ಮಟ್ಟದ ಕೇಳಿಸದ ತೊಂದರೆ ಇರುತ್ತದೆ. ಕಿವಿಯ ಒಳದಾರಿ ಸಣ್ಣದು, ನೆಗಡಿ ಬಂದಾಗ ಕಿವಿತಮಟೆಯ ಹಿಂದೆ ನೀರು ನಿಲ್ಲುತ್ತದೆ, ಸೋರುವುದೂ ಇಲ್ಲ, ನೋವೂ ಇರುವುದಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಒಂದು ಹುಡುಗಿಯನ್ನು "ಭಾಳ ಹಟಮಾರಿ, ಕರೆದರೆ ತಿರುಗಿ ನೋಡಲ್ಲ" ಅಂತ ಕರೆದುಕೊಂಡು ಬಂದಿದ್ದರು. ನನ್ನ ಮೇಜಿನ ಹತ್ತಿರ ಅವಳು ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು. ಅಮ್ಮ ಎದುರಿಗೆ ನಿಂತು "ಚಪ್ಪಲಿ ಹಾಕ್ಕೋ" ಅಂದರೆ ಹಾಕಿಕೊಳ್ಳುತ್ತಾಳೆ, ಹಿಂದೆ ನಿಂತು ಅದೇ ಮಾತು ಹೇಳಿದರೆ ಕದಲುವುದಿಲ್ಲ. ಎರಡೂ ಕಿವಿಯಲ್ಲಿ ನೀರು ತುಂಬಿತ್ತು. ಚಿಕಿತ್ಸೆ ಆದ ಮೇಲೆ ಆ ಹಟ ಕಾಣಲಿಲ್ಲ. ನಿಮ್ಮ ಮಗಳ ಹತ್ತಿಪ್ಪತ್ತು ಮಾತಿಗೂ ಹೀಗೇ ಏನಾದರೂ ಕಾರಣ ಇದೆಯಾ ಅಂತ ನೋಡಲೇಬೇಕು.

ಅದರ ಜೊತೆಗೇ ಕಣ್ಣು, ಮತ್ತು ವರ್ಷಕ್ಕೊಮ್ಮೆ ಥೈರಾಯ್ಡ್‌ಗೆ ಟಿಎಸ್‌ಎಚ್ ರಕ್ತ ಪರೀಕ್ಷೆ. ಥೈರಾಯ್ಡ್ ಕಡಿಮೆಯಾದರೆ ಮಗು ಮಂಕಾಗುತ್ತದೆ, ದಪ್ಪಗಾಗುತ್ತದೆ, ಅದನ್ನೂ ಡೌನ್ ಸಿಂಡ್ರೋಮ್ ಲೆಕ್ಕಕ್ಕೇ ಹಾಕಿ ಸುಮ್ಮನಾಗುತ್ತಾರೆ. ದಿನಾ ಒಂದು ಮಾತ್ರೆಯಲ್ಲಿ ಸರಿಹೋಗುವ ತೊಂದರೆ ಅದು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ಹೇಳಿ. ಹೃದಯದ ತೂತು ಮುಚ್ಚಿದೆ ಅಂದಿದ್ದೀರಿ, ಒಳ್ಳೆಯದು. ಕೊನೆಯ ಎಕೋ, ಅಂದರೆ ಹೃದಯದ ಸ್ಕ್ಯಾನ್, ಹಳೆಯದಾಗಿದ್ದರೆ ಇನ್ನೊಮ್ಮೆ ಮಾಡಿಸಿ, ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇರುವಾಗ ಇದಕ್ಕೆಲ್ಲ ಬೆಂಗಳೂರಿಗೋ ಹೈದರಾಬಾದಿಗೋ ಓಡಬೇಕಿಲ್ಲ. ಶಾಲೆಯವರಿಗೆ ಒಂದು ಮಾತು ಬರೆದು ಕೊಡಿ: ಲಾಗ ಹೊಡೆಸಬಾರದು, ಕುತ್ತಿಗೆ ಮೇಲೆ ಭಾರ ಬೀಳುವ ಆಟ ಬೇಡ. ಕೆಲವು ಮಕ್ಕಳಿಗೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಿರುತ್ತದೆ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕುತ್ತಿಗೆ ನೋವು ಅಂದರೆ, ಕಲಿತಿದ್ದವಳು ಮತ್ತೆ ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡರೆ ಅವತ್ತೇ ಡಾಕ್ಟರ ಹತ್ತಿರ ಬನ್ನಿ. ಓಡುವುದು, ಕುಂಟೆಬಿಲ್ಲೆ, ಕುಣಿಯುವುದು ಎಲ್ಲ ಬೇಕು.

ಇವೆಲ್ಲ ಶುರು ಮಾಡಲು ನಿಮ್ಮ ಅಂಗನವಾಡಿ ಟೀಚರನ್ನೇ ಕೇಳಿ. ಆರ್‌ಬಿಎಸ್‌ಕೆ ಅನ್ನುವ, ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡದವರು ಅಂಗನವಾಡಿಗೆ ಬರುತ್ತಾರಲ್ಲ, ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಅವರು ಚೀಟಿ ಬರೆದು ಬೆಳವಣಿಗೆಯ ತೊಂದರೆಗೆ ಬೇಗ ಚಿಕಿತ್ಸೆ ಕೊಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸಬೇಕು. ಮೆದುಳು ಚುರುಕಾಗುವ ಟಾನಿಕ್, ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಸೊಲ್ಲಾಪುರ, ಹೈದರಾಬಾದಿನಿಂದ ಯಾರಾದರೂ ಆಸೆ ತೋರಿಸಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದರಿಂದ ಈ ಮಕ್ಕಳಿಗೆ ಉಪಯೋಗ ಆಗುತ್ತದೆ ಅಂತ ಸಾಬೀತಾಗಿಲ್ಲ. ಹೊಲ ಒತ್ತೆ ಇಟ್ಟವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಕಟುವಾಗಿ ಹೇಳುತ್ತಿದ್ದೇನೆ.

ಹೆಡ್‌ಮಾಸ್ತರು ಮಾತು ಬರಲಿ ಅಂದಿದ್ದು ಕೆಟ್ಟ ಮನಸ್ಸಿನಿಂದ ಇರಲಿಕ್ಕಿಲ್ಲ. ಮಾತಿಲ್ಲದ ಮಗುವಿಗೆ ಕಲಿಸುವುದು ಹೇಗೆ ಅಂತ ಅವರಿಗೆ ಯಾರೂ ತೋರಿಸಿಲ್ಲ. ಆದರೆ ಅವರು ತಿಳಿದಿರುವುದು ತಿರುಗುಮುರುಗಾಗಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಅರ್ಥವಾಗುವುದು ಜಾಸ್ತಿ, ಆಡಲು ಬರುವುದು ಕಡಿಮೆ. ಕೇಳಿದ್ದು ಬೇಗ ಮರೆಯುತ್ತಾರೆ, ನೋಡಿದ್ದು ಉಳಿಸಿಕೊಳ್ಳುತ್ತಾರೆ. ಅದಕ್ಕೇ ಎಷ್ಟೋ ಮಕ್ಕಳು ಓದುವುದರ ಮೂಲಕವೇ ಮಾತು ಕಲಿಯುತ್ತಾರೆ. ಅ ಆ ಇ ಈಯಿಂದ ಶುರು ಮಾಡಬೇಡಿ, ಇಡೀ ಪದ ತೋರಿಸಿ. ರಟ್ಟಿನ ತುಂಡಿನ ಮೇಲೆ ದಪ್ಪ ಅಕ್ಷರದಲ್ಲಿ ಅವ್ವ, ಅಕ್ಕ, ರೊಟ್ಟಿ, ಹಾಲು, ಬಸ್ಸು, ಅವಳ ಹೆಸರು, ಇಷ್ಟು ಬರೆಯಿರಿ. ಪ್ರತಿಯೊಂದೂ ಎರಡೆರಡು ಮಾಡಿ. ಮೊದಲು ರೊಟ್ಟಿ ಚೀಟಿಯ ಮೇಲೆ ರೊಟ್ಟಿ ಚೀಟಿ ಇಡಲಿ, ಅದು ಬಂದ ಮೇಲೆ "ರೊಟ್ಟಿ ಎಲ್ಲಿ, ಕೊಡು" ಅಂತ ಕೇಳಿ, ಕೊನೆಗೆ ಚೀಟಿ ತೋರಿಸಿ "ಇದೇನು?" ಅಂತ ಕೇಳಿ. "ಒಟ್ಟಿ" ಅಂದರೂ ಸಾಕು, ಖುಷಿಯಿಂದ ರೊಟ್ಟಿ ಕೊಡಿ. ದಿನಕ್ಕೆ ಹತ್ತು ನಿಮಿಷ, ದೊಡ್ಡ ಮಗಳೇ ಆಡಿಸಬಹುದು. ಕೈಸನ್ನೆಯನ್ನೂ ಬಳಸಿ. ಸನ್ನೆ ಕಲಿತರೆ ಮಾತು ನಿಂತುಹೋಗುತ್ತದೆ ಅನ್ನುವುದು ಸುಳ್ಳು. ಕೇಳಿದ್ದು ಸಿಕ್ಕರೆ ಮಗುವಿಗೆ ಮಾತಿನ ಆಸೆ ಹುಟ್ಟುತ್ತದೆ.

ಇಂಗ್ಲೆಂಡಿನ ಹ್ಯಾಂಪ್‌ಷೈರ್‌ನಲ್ಲಿ ಸಾಮಾನ್ಯ ಶಾಲೆಗೆ ಹೋದ ಮತ್ತು ವಿಶೇಷ ಶಾಲೆಗೆ ಹೋದ ಡೌನ್ ಸಿಂಡ್ರೋಮ್ ಮಕ್ಕಳನ್ನು ಹದಿಹರೆಯದಲ್ಲಿ ಹೋಲಿಸಿ ನೋಡಿದರು. ಸಾಮಾನ್ಯ ಶಾಲೆಯವರು ಮಾತಿನಲ್ಲಿ ಸುಮಾರು ಎರಡೂವರೆ ವರ್ಷದಷ್ಟು ಮುಂದಿದ್ದರು, ಓದು-ಬರಹದಲ್ಲಿ ಇನ್ನೂ ಜಾಸ್ತಿ. ಸುತ್ತ ಮಾತಾಡುವ ಮಕ್ಕಳಿದ್ದರೆ ಮಾತು ಬರುತ್ತದೆ ಅಲ್ವಾ? ಆದರೆ ಸ್ನೇಹ-ಸಂಬಂಧದ ವಿಷಯದಲ್ಲಿ ವಿಶೇಷ ಶಾಲೆಯ ಮಕ್ಕಳೇ ಸ್ವಲ್ಪ ಮುಂದಿದ್ದರು, ಅಂದರೆ ಸಾಮಾನ್ಯ ಶಾಲೆಯಲ್ಲಿ ಒಂಟಿಯಾಗುವ ಅಪಾಯ ಇದೆ. ಅದನ್ನು ಮುಚ್ಚಿಡುವುದಿಲ್ಲ.

ನಿಮ್ಮ ಮುಂದೆ ಮೂರು ದಾರಿ ಇವೆ. ಕಲಬುರಗಿಯ ವಿಶೇಷ ಶಾಲೆಯಲ್ಲಿ ತರಬೇತಿ ಪಡೆದ ಶಿಕ್ಷಕರು, ಥೆರಪಿ ಸಿಗಬಹುದು, ಆದರೆ ನಿಮಗೆ ದಿನಾ ಹೋಗಿಬರುವ ದೂರ ಅಲ್ಲ, ಹಾಸ್ಟೆಲ್‌ನಲ್ಲಿ ಬಿಡಬೇಕು. ಆರು ವರ್ಷದ, ಮಾತು ಸ್ಪಷ್ಟ ಇಲ್ಲದ ಹೆಣ್ಣುಮಗುವನ್ನು ಹಾಸ್ಟೆಲ್‌ಗೆ ಬಿಡಿ ಅಂತ ನಾನು ಹೇಳಲಾರೆ. ಅಲ್ಲಿ ಏನಾದರೂ ಆದರೆ ಹೇಳಲು ಅವಳಿಗೆ ಬಾಯಿಲ್ಲ. ಎರಡನೆಯದು ಮನೆಯಲ್ಲೇ ಶಿಕ್ಷಣ, ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಇರುವ ಸೌಲಭ್ಯ ಅದು. ಓಡಾಡುವ ನಿಮ್ಮ ಮಗಳಿಗೆ ಅಲ್ಲ. ಮೂರನೆಯದು ಊರಿನ ಶಾಲೆ. ಅಲ್ಲಿರುವ ದೊಡ್ಡ ಅಪಾಯ ಗೇಲಿ ಅಲ್ಲ, ಹಿಂದಿನ ಸಾಲಿನಲ್ಲಿ ಕೂರಿಸಿ ಬಿಸಿಯೂಟ ಹಾಕಿ ಮನೆಗೆ ಕಳಿಸುವುದು. ಹಾಜರಿ ಇರುತ್ತದೆ, ಕಲಿಕೆ ಇರುವುದಿಲ್ಲ. ಅದಕ್ಕಾಗಿ ವಾರಕ್ಕೊಮ್ಮೆ ಹೋಗಿ "ಈ ವಾರ ಏನು ಕಲಿಸಿದ್ರಿ ಸರ್" ಅಂತ ನಯವಾಗಿ ಕೇಳುತ್ತಲೇ ಇರಿ. ಮುಂದಿನ ಸಾಲಿನಲ್ಲಿ ಜಾಗ, ಪಕ್ಕದಲ್ಲಿ ಒಬ್ಬಳು ಒಳ್ಳೆಯ ಗೆಳತಿ, ಬೋರ್ಡ್ ಒರೆಸುವಂಥ ಒಂದು ಕೆಲಸ, ಇಷ್ಟು ಕೇಳಿ ಪಡೆಯಿರಿ. ಆ ಗೆಳತಿಯನ್ನು ಭಾನುವಾರ ಮನೆಗೂ ಕರೆಯಿರಿ.

ಕಾನೂನು ನಿಮ್ಮ ಕಡೆ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಯಾವ ಶಾಲೆಯೂ ತಾರತಮ್ಯ ಮಾಡುವಂತಿಲ್ಲ. ನೂರಕ್ಕೆ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ಮಗುವಿನ ಕಡೆಯವರದು, ಹೆಡ್‌ಮಾಸ್ತರದ್ದಲ್ಲ. ಮೊದಲು ಸೇಡಂನಲ್ಲಿ ಶಿಕ್ಷಣ ಇಲಾಖೆಯ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ ಬಿಐಇಆರ್‌ಟಿ ಶಿಕ್ಷಕರನ್ನು ಭೇಟಿಯಾಗಿ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವವರು ಅವರು. ಅವರನ್ನೇ ಶಾಲೆಗೆ ಕರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಆಗಲೂ ಬೇಡ ಅಂದರೆ ಕಾರಣವನ್ನು ಬರೆದು ಕೊಡಿ ಅಂತ ಕೇಳಿ, ಬಿಇಒಗೆ, ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿಗೆ ಅರ್ಜಿ ಕೊಡಿ. ಹೆಚ್ಚಿನ ಕಡೆ ಬರೆದು ಕೊಡಿ ಅಂದ ಕೂಡಲೇ ಸೇರಿಸಿಕೊಳ್ಳುತ್ತಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಸಹಾಯ ಮಾಡುತ್ತಾರೆ. ಮಾಸಾಶನ ಮತ್ತು ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಎರಡಕ್ಕೂ ಅವರನ್ನೇ ಕೇಳಿ.

ನಿಮ್ಮ ಯಜಮಾನರಿಗೆ ಶಾಲೆಯ ಮಕ್ಕಳು ಗೇಲಿ ಮಾಡುತ್ತಾರೆ ಅನ್ನುವ ಭಯ ಇರಬಹುದು. ಅದು ಆಗುತ್ತದೆ. ಆದರೆ ಜೊತೆಗೆ ಕೂತು ಉಂಡ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ಗೇಲಿ ಮುಂದುವರಿಯುವುದು ದೊಡ್ಡವರು ಹಾಗೆ ಮಾತಾಡುವ ಊರಲ್ಲಿ. "ಪಾಪ, ದೇವರ ಮಗು" ಅನ್ನುವವರಿಂದಲೂ ಅಷ್ಟೇ ನಷ್ಟ ಇದೆ, ಯಾಕೆಂದರೆ ದೇವರ ಮಗುವಿಗೆ ಯಾರೂ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವುದಿಲ್ಲ. ಈ ಮಕ್ಕಳು ಯಾವಾಗಲೂ ನಗುತ್ತಾರೆ ಅನ್ನುವುದೂ ಸುಳ್ಳು. ಬಿಟ್ಟು ಹೋದರೆ ಅವರಿಗೂ ತಿಳಿಯುತ್ತದೆ. ಅಕ್ಕ ಹೊಸ ಲಂಗ ಹಾಕಿಕೊಂಡು ಲಗ್ನಕ್ಕೆ ಹೊರಟಾಗ ಇವಳು ಬಾಗಿಲಲ್ಲಿ ನಿಂತು ನೋಡುತ್ತಾಳಲ್ಲ, ಅದು ಅವಳಿಗೆ ಅರ್ಥವಾಗುತ್ತದೆ. ಕರೆದುಕೊಂಡು ಹೋಗಿ. ಅಡಗಿಸಿಟ್ಟರೆ ಊರಿನ ಅನುಮಾನ ಜಾಸ್ತಿಯಾಗುತ್ತದೆ, ಕ್ಯಾರಿಯೋಟೈಪ್ ಟ್ರೈಸೋಮಿ 21 ಅಂತ ಬಂದರೆ "ಅಕ್ಕನ ಮಕ್ಕಳಿಗೆ ಇದರಿಂದ ಅಪಾಯವಿಲ್ಲ" ಅಂತ ಕಾಗದ ತೋರಿಸಿ ಹೇಳಬಹುದು.

ಕಾಲ ಬದಲಾಗಿದೆ ತಂಗಿ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲೂ ಇವರ ಸರಾಸರಿ ಆಯಸ್ಸು 25 ವರ್ಷ ಇತ್ತು, ಹೃದಯದ ಆಪರೇಷನ್, ಒಳ್ಳೆಯ ಆರೈಕೆ ಸಿಗುತ್ತಿರುವುದರಿಂದ ಈಗ ಸುಮಾರು 60. ಡೌನ್ ಸಿಂಡ್ರೋಮ್ ಇರುವ ಸ್ಪೇನಿನ ಪಾಬ್ಲೊ ಪಿನೇಡಾ ಪದವಿಯನ್ನೇ ಪಡೆದರು. ಎಲ್ಲರೂ ಹಾಗಾಗುವುದಿಲ್ಲ, ಆಗಬೇಕಿಲ್ಲ. ನನಗೆ ಹೆಚ್ಚು ಇಷ್ಟವಾಗುವುದು ಬೀದರ್ ಜಿಲ್ಲೆಯ ಒಂದು ಕಿರಾಣಿ ಅಂಗಡಿ. ಅಲ್ಲಿ ಅಪ್ಪನ ಜೊತೆ ಕೂರುವ ಹುಡುಗನಿಗೆ ಡೌನ್ ಸಿಂಡ್ರೋಮ್ ಇದೆ, ಕಳೆಯುವ ಲೆಕ್ಕ ಬರುವುದಿಲ್ಲ. ತೂಕದ ಮಷೀನಿನ ಪಕ್ಕ ಅಪ್ಪ 250, 500, 1000 ಅಂತ ದಪ್ಪಗೆ ಬರೆದು ಅಂಟಿಸಿದ್ದಾರೆ. ಹುಡುಗ ತೊಗರಿ ಬೇಳೆ ಸುರಿಯುತ್ತಾ ಮಷೀನ್ ನೋಡುತ್ತಾನೆ, ಚೀಟಿ ನೋಡುತ್ತಾನೆ, ಕೊನೆಯ ನಾಲ್ಕು ಕಾಳನ್ನು ಬೆರಳಿನಿಂದ ಹಾಕಿ ಅಂಕಿ ಸರಿ ಮಾಡಿ ಪೊಟ್ಟಣ ಕಟ್ಟುತ್ತಾನೆ. ಗಿರಾಕಿ ಫೋನ್‌ನಲ್ಲಿ ದುಡ್ಡು ಹಾಕಿದರೆ ಪೆಟ್ಟಿಗೆ ದನಿ ಬರುವವರೆಗೂ ಸಾಮಾನು ಬಿಡುವುದಿಲ್ಲ. ಯಾರ ಮನೆಗೆ ಯಾವ ಚಹಾಪುಡಿ ಅನ್ನುವುದು ಅಪ್ಪನಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಆ ತಂದೆ ಅವನನ್ನು ಚಿಕ್ಕಂದಿನಿಂದ ಅಂಗಡಿಯಲ್ಲಿ ಕೂರಿಸಿಕೊಂಡರು, ಊರವರೂ ಕಾಯುವುದನ್ನು ಕಲಿತರು.

ಒಂದು ಎಚ್ಚರಿಕೆ, ಹೆಣ್ಣುಮಗು ಆದ್ದರಿಂದ ಹೇಳಲೇಬೇಕು. ಇಂಥ ಮಕ್ಕಳನ್ನು ಮನೆಗೆ ಬಂದವರೆಲ್ಲ ಎತ್ತಿ ಮುದ್ದಾಡುತ್ತಾರೆ, ಮಗುವೂ ಎಲ್ಲರನ್ನೂ ತಬ್ಬಿಕೊಳ್ಳುತ್ತದೆ. ಹದಿನಾಲ್ಕಕ್ಕೆ ಬಂದಾಗ ಆ ಅಭ್ಯಾಸವೇ ಅಪಾಯ. ಈಗಿನಿಂದಲೇ ಅವ್ವ, ಅಪ್ಪ, ಅಕ್ಕ, ಅಜ್ಜಿ ಬಿಟ್ಟು ಉಳಿದವರಿಗೆ ಕೈಮುಗಿಯುವುದನ್ನು ಕಲಿಸಿ, ಬಾಗಿಲು ಹಾಕಿಕೊಂಡು ಬಟ್ಟೆ ಬದಲಾಯಿಸುವುದನ್ನು ಕಲಿಸಿ, ಬೇಡ ಅಂತ ಕೈ ತೋರಿಸಿ ಹೇಳುವುದನ್ನು ಕಲಿಸಿ, ಮತ್ತು ಅವಳು ಬೇಡ ಅಂದಾಗ ಮನೆಯವರೂ ಬಿಡಿ.

ಜೂನ್‌ಗೆ ಇನ್ನೂ ಸಮಯ ಇದೆ. ಅಷ್ಟರಲ್ಲಿ ಚಡ್ಡಿ ಬಿಚ್ಚಿ ಹಾಕಿಕೊಳ್ಳುವುದು, ಶೌಚಕ್ಕೆ ಸನ್ನೆ ಮಾಡುವುದು, ತನ್ನ ಚೀಲ ಗುರುತಿಸುವುದು, ಇವು ಮೂರು ಅಭ್ಯಾಸ ಮಾಡಿಸಿ. ಶಾಲೆಯವರು ಮೊದಲ ವಾರ ಕೇಳುವುದು ಅಕ್ಷರ ಅಲ್ಲ, ಇವನ್ನೇ. ಕಿವಿಯ ರಿಪೋರ್ಟ್, ಟಿಎಸ್‌ಎಚ್, ಕ್ಯಾರಿಯೋಟೈಪ್ ಸಿಕ್ಕರೆ ಮೂರನ್ನೂ ತೆಗೆದುಕೊಂಡು ಬನ್ನಿ. ಬರುವಾಗ ಯಜಮಾನರನ್ನೂ ಕರೆದುಕೊಂಡು ಬನ್ನಿ, ಅವರ ಪ್ರಶ್ನೆಗಳನ್ನು ಅವರ ಬಾಯಿಂದಲೇ ಕೇಳಬೇಕು.